ಗುಳೆ, ಗುಳಿಗೆ ಮತ್ತು ಎಚ್‌ಐವಿ

ರಾಯಚೂರು ನಗರದ ರಿಮ್ಸ್‌ನಂಥ ಆಸ್ಪತ್ರೆಯ ಎ.ಆರ್.ಟಿ. (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಕ್ಕೆ ಬರುವ ಎಚ್‌ಐವಿ ಸೋಂಕಿತರ ‘ವೈರಲ್ ಲೋಡ್’ ಪರೀಕ್ಷೆಯಲ್ಲಿ ಎಣಿಕೆಗೆ ಸಿಗುವುದು ರಕ್ತದ ದ್ರವದಲ್ಲಿ ಬಿಡಿಯಾಗಿ ತೇಲುವ ವೈರಾಣುಗಳು ಮಾತ್ರ. ಆದರೆ ಈ ವೈರಾಣುವಿನ ಹೆಚ್ಚಿನ ವಹಿವಾಟು ನಡೆಯುವುದು ಕುತ್ತಿಗೆ, ಕಂಕುಳು, ತೊಡೆಸಂದಿಗಳ ದುಗ್ಧಗ್ರಂಥಿಗಳಲ್ಲಿ ಮತ್ತು ಕರುಳಿನ ಒಳಪದರದಲ್ಲಿ, ಅಂದರೆ ರೋಗನಿರೋಧಕ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ನೆರೆದಿರುವ ಜಾಗಗಳಲ್ಲಿ.

ಸಿಡಿ4 ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತ ಟಿ ಕೋಶಗಳು ದೇಹದ ರಕ್ಷಣೆಯನ್ನು ನಿರ್ದೇಶಿಸುವ ಬಿಳಿ ರಕ್ತಕಣಗಳಾಗಿದ್ದು, ಇತರ ಕೋಶಗಳನ್ನು ಮುಟ್ಟಿಯೇ ಅಪಾಯದ ಸುದ್ದಿ ತಿಳಿಯುತ್ತವೆ. ಎಚ್‌ಐವಿ ಬಳಸಿಕೊಳ್ಳುವುದು ಈ ಸ್ವಭಾವವನ್ನೇ. ಸೋಂಕು ತಗುಲಿದ ಕೋಶದ ಹೊರಪೊರೆಯಲ್ಲಿ ಚಾಚಿಕೊಂಡ ವೈರಾಣು ಪ್ರೋಟೀನು ಪಕ್ಕದ ಆರೋಗ್ಯವಂತ ಕೋಶದ ಸಿಡಿ4 ಅನ್ನು ಹಿಡಿದೊಡನೆ ಎರಡೂ ಕೋಶಗಳು ಬಿಗಿಯಾಗಿ ಅಂಟಿಕೊಂಡು, ಹೊಸ ವೈರಾಣುಗಳು ಸರಿಯಾಗಿ ಆ ಸಂಧಿಯಲ್ಲಿಯೇ ಮೊಳೆತು, ಹೊರಗೆ ಅಲೆಯದೆ ಗುಂಪಾಗಿ ನೆರೆಕೋಶಕ್ಕೆ ದಾಟುತ್ತವೆ. ‘ವೈರಲಾಜಿಕಲ್ ಸಿನಾಪ್ಸ್’ ಎಂದು ಕರೆಯಲಾಗುವ ಈ ಸಂಧಿಯನ್ನು ಲಂಡನ್ನಿನ ವಿಜ್ಞಾನಿ ಚಾರ್ಲ್ಸ್ ಬ್ಯಾಂಗಮ್ ಮತ್ತು ಸಂಗಡಿಗರು 2003ರಲ್ಲಿ ಎಚ್‌ಟಿಎಲ್‌ವಿ-1 ಎಂಬ, ಎಚ್‌ಐವಿಯ ದೂರದ ಸಂಬಂಧಿ ವೈರಾಣುವಿನಲ್ಲಿ ವಿವರಿಸಿದರು; ಮರುವರ್ಷ ಎಚ್‌ಐವಿಯಲ್ಲಿಯೂ ಅಂಥದೇ ಸಂಧಿ ಕಂಡುಬಂದಿತು. ಕೋಶಗಳ ಸ್ಪರ್ಶದಿಂದ ವೈರಾಣು ದಾಟುತ್ತದೆ ಎಂಬುದನ್ನು ಮನುಷ್ಯರ ಸ್ಪರ್ಶದಿಂದ ರೋಗ ಹರಡುತ್ತದೆ ಎಂದು ಯಾರೂ ತಪ್ಪಾಗಿ ತಿಳಿಯಬಾರದು. ಕೈಕುಲುಕುವುದರಿಂದಾಗಲಿ ಒಟ್ಟಿಗೆ ಉಣ್ಣುವುದರಿಂದಾಗಲಿ ಎಚ್‌ಐವಿ ಬಾರದು.

ಹೀಗೆ ಒಂದೇ ಕೋಶಕ್ಕೆ ಹಲವು ವೈರಾಣುಗಳು ಒಮ್ಮೆಗೇ ನುಗ್ಗುವಾಗ, ಒಂದು ಔಷಧಿ ಕೆಲವನ್ನು ತಡೆದರೂ ಇನ್ನೊಂದು ವೈರಾಣು ನುಸುಳಿ ನೆಲೆಯೂರಬಹುದೆಂದು ಪ್ರಯೋಗಾಲಯದ ಅಧ್ಯಯನಗಳು 2011ರಲ್ಲಿ ತೋರಿಸಿದವು. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಇಂದಿನ ಚಿಕಿತ್ಸೆ ವೈರಾಣುವನ್ನು ಹದ್ದುಬಸ್ತಿನಲ್ಲಿಡುತ್ತದೆ, ಆದರೆ ಗುಳಿಗೆ ದಿನವೂ ಹೊಟ್ಟೆ ಸೇರಬೇಕು. ನಿಲ್ಲಿಸಿದರೆ, ಕೆಲವು ಕೋಶಗಳಲ್ಲಿ ಸುಪ್ತವಾಗಿ ಉಳಿದ ವೈರಾಣು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಎಚ್ಚೆತ್ತು ಮತ್ತೆ ಹರಡತೊಡಗುತ್ತದೆ.

ಭಾರತ ಸರ್ಕಾರವು 2004ರ ಏಪ್ರಿಲ್ 1ರಿಂದ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆಯಾದರೂ, ರಾಯಚೂರು ಜಿಲ್ಲೆಯ ದೇವದುರ್ಗದ ಒಣಭೂಮಿಯ ಊರುಗಳಿಂದ ಮತ್ತು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸರಿಯಾಗಿ ತಲುಪದ ಮಾನ್ವಿಯ ಹಳ್ಳಿಗಳಿಂದ ಕೂಲಿಗಾಗಿ ಬೆಂಗಳೂರಿನಂಥ ಊರುಗಳಿಗೆ ಗುಳೆ ಹೋಗುವವರಿಗೆ ತಿಂಗಳ ಗುಳಿಗೆಗಾಗಿ ಮರಳಿ ಬರುವುದೆಂದರೆ ಕೂಲಿಯನ್ನೂ ಬಸ್ ಚಾರ್ಜನ್ನೂ ಕಳೆದುಕೊಂಡಂತೆ. ಹೊರಡುವ ಮುನ್ನವೇ ಹಲವು ತಿಂಗಳ ಗುಳಿಗೆಯನ್ನು ಅವರ ಕೈಗೆ ಕೊಡುವುದು, ಇಲ್ಲವೇ ಹೋದ ಊರಿನ ಕೇಂದ್ರದಲ್ಲಿ ಅದು ಸಿಗುವಂತೆ ಮಾಡುವುದು ಚಿಕಿತ್ಸೆಯ ಭಾಗವೇ ಆಗಿದೆ.