ಕೊಂಡರೆ ಒಂದೇ ಕೊಳ್ಳಿ, ಕಂಚಿನದೇ ಕೊಳ್ಳಿ

ಪರೀಕ್ಷೆ ಮುಗಿದು ರಜೆ ಶುರುವಾಗುವ ಹೊತ್ತಿಗೆ ಮಗನೋ ಮಗಳೋ ‘ನನಗೊಂದು ಡ್ರಮ್ ಸೆಟ್ ಬೇಕು’ ಎಂದು ಹಟ ಹಿಡಿದರೆ ತಂದೆ-ತಾಯಿ ಗಾಬರಿಯಾಗುವುದು ಸಹಜ. ಅದರ ಬೆಲೆ ಎಷ್ಟೋ, ಮನೆಯಲ್ಲಿ ಇಡಲು ಜಾಗ ಎಲ್ಲಿದೆಯೋ, ನೆರೆಹೊರೆಯವರು ಏನೆನ್ನುತ್ತಾರೋ, ಓದು ಎಲ್ಲಿ ಕೆಡುತ್ತದೋ ಎಂದು ನೂರೆಂಟು ಚಿಂತೆ. ಕಡೆಗೂ ಮನಸ್ಸು ಮಾಡಿ ಅಂಗಡಿಗೆ ಹೋದವರು ಡ್ರಮ್ಮಿನ ಬಣ್ಣ ನೋಡುತ್ತಾರೆ, ಎಷ್ಟು ಡ್ರಮ್ಮುಗಳಿವೆ ಎಂದು ಎಣಿಸುತ್ತಾರೆ. ಜೊತೆಗೆ ಉಚಿತವಾಗಿ ಬರುವ ಹೊಳೆಯುವ ತಟ್ಟೆಗಳನ್ನು ಕಂಡು ಸಂತೋಷಪಡುತ್ತಾರೆ. ಆದರೆ ಮಗುವಿನ ಕೈ ಮತ್ತು ಕಿವಿ ಹದಗೊಳ್ಳುವುದು ಬಹುಪಾಲು ಆ ತಟ್ಟೆಗಳಲ್ಲಿ ಒಂದರ ಮೇಲೆ. ಅದಕ್ಕೆ ರೈಡ್ ಸಿಂಬಲ್ ಎಂದು ಹೆಸರು.

ಈ ವಾದ್ಯ ಹೊರಗಿನದಾದರೂ ಸುರಪುರ ಸೀಮೆಯ ಪಾಲಕರಿಗೆ ಇದರ ಪರೀಕ್ಷೆ ಕಷ್ಟದ್ದೇನಲ್ಲ. ಸುರಪುರದ ಆನಂದದಾಸರಂಥ ಹರಿದಾಸರು ಬಾಳಿದ ನೆಲ ಇದು. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ ಇವರನ್ನು ನೆನೆದು ಹಾಡುವ ಪರಂಪರೆಯೂ ಇಲ್ಲಿಯದೇ. ಭಜನೆಯ ತಾಳ, ಗುಡಿಯ ಜಾಗಟೆ, ಡೊಳ್ಳಿನ ಮೇಳದ ಸದ್ದು ಕೇಳದೆ ಬೆಳೆದ ಮಕ್ಕಳು ಈ ಭಾಗದಲ್ಲಿ ವಿರಳ. ಒಡಕು ತಾಳ ಯಾವುದು, ತುಂಬಿದ ನಾದದ ತಾಳ ಯಾವುದು ಎಂಬುದನ್ನು ಭಜನೆಯ ಮೇಳದ ಹಿರಿಯರು ಒಂದೇ ಪೆಟ್ಟಿಗೆ ಹೇಳಿಬಿಡುತ್ತಾರೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ತಾಯಂದಿರು ಬೆರಳ ಗಿಣ್ಣಿನಿಂದ ಬಡಿದು ನೋಡದೆ ದುಡ್ಡು ಬಿಚ್ಚುವುದಿಲ್ಲ. ರೈಡ್ ಸಿಂಬಲ್ ಕೊಳ್ಳುವುದಕ್ಕೆ ಬೇಕಾದದ್ದು ಇದೇ ವಿದ್ಯೆ.

ರೈಡ್ ಎಂದರೇನು?

ಡ್ರಮ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಿಂಬಲ್‌ಗಳಿರುತ್ತವೆ. ಒಂದು ಹೈಹ್ಯಾಟ್. ಒಂದರ ಮೇಲೊಂದು ಕೂತ ಜೋಡಿ ತಟ್ಟೆಗಳಿವು. ಕಾಲಿನ ಪೆಡಲ್ ಒತ್ತಿದರೆ ಒಂದಕ್ಕೊಂದು ತಾಗುತ್ತವೆ. ಕಾಲಿನಿಂದ ನುಡಿಸುವ ತಾಳವೆನ್ನಿ. ಇನ್ನೊಂದು ಕ್ರ್ಯಾಶ್. ಹಾಡಿನ ಚರಣ ಮುಗಿದು ಪಲ್ಲವಿಗೆ ಬರುವಾಗ ‘ಝಲ್’ ಎಂದು ಒಮ್ಮೆ ಬಡಿದು ಬಿಡುವುದು ಇದನ್ನೇ. ಮೂರನೆಯದು ರೈಡ್. ಮೂರರಲ್ಲಿ ದೊಡ್ಡದು ಸಾಮಾನ್ಯವಾಗಿ ಇದೇ. ಹಾಡಿನ ಉದ್ದಕ್ಕೂ ಕೋಲಿನ ತುದಿಯಿಂದ ಲಯ ಹಿಡಿಯುವ ಕೆಲಸ ಇದರದು. ಒಂಟಿಯಾಗಿ ನೇತಾಡುತ್ತ ಕೋಲಿನ ಪೆಟ್ಟಿಗೆ ನುಡಿಯುವ ಜಾಗಟೆಯನ್ನು ಇದಕ್ಕೆ ಹೋಲಿಸಬಹುದು.

ಮೊದಲು ಅಮೆರಿಕದ ಜಾಝ್ ಮೇಳಗಳಲ್ಲಿ ಲಯವನ್ನು ಮುಖ್ಯವಾಗಿ ಕಾಲಿನ ಬೇಸ್ ಡ್ರಮ್ಮಿನಲ್ಲಿ ಹಿಡಿಯುತ್ತಿದ್ದರು. 1940ರ ದಶಕದಲ್ಲಿ ಕೆನ್ನಿ ಕ್ಲಾರ್ಕ್ ಮೊದಲಾದ ವಾದಕರು ಆ ಕೆಲಸವನ್ನು ರೈಡಿಗೆ ವಹಿಸಿದರು. ಇದರಿಂದ ಮೇಳದ ಸದ್ದು ಹಗುರಾಯಿತು, ಉಳಿದ ಡ್ರಮ್ಮುಗಳು ಹಾಡಿಗೆ ಉತ್ತರ ಕೊಡಲು ಬಿಡುವಾದವು. ಇಂದು ನಮ್ಮ ಜಾತ್ರೆಗಳ, ಗಣೇಶೋತ್ಸವಗಳ ರಸಮಂಜರಿಯಲ್ಲಿ ಡ್ರಮ್ ನುಡಿಸುವ ಹುಡುಗನ ಬಲಗೈ ಪಲ್ಲವಿ ಬಂದಾಗ ಹೈಹ್ಯಾಟಿನಿಂದ ರೈಡಿಗೆ ಸರಿಯುವುದನ್ನು ಗಮನಿಸಿ. ಆ ಹೊತ್ತಿಗೆ ಹಾಡು ಅರಳಿದಂತೆ ಕೇಳುತ್ತದೆ.

ಲೋಹದ ಗುಣ

ಸಿಂಬಲ್ ಎಂದರೆ ಎಲ್ಲವೂ ಒಂದೇ ಲೋಹವಲ್ಲ. ಅಗ್ಗದ ಸೆಟ್ಟುಗಳ ಜೊತೆ ಬರುವವು ಹೆಚ್ಚಾಗಿ ಹಿತ್ತಾಳೆಯವು, ಅಂದರೆ ತಾಮ್ರಕ್ಕೆ ಸತು ಬೆರೆಸಿದ ಲೋಹ. ಹಿತ್ತಾಳೆಯ ಕೊಡ ನೀರಿಗೆ ಲೇಸು. ನಾದಕ್ಕೆ ಅಷ್ಟಾಗಿ ಒದಗದು. ಬಡಿದರೆ ‘ಠಪ್ಪ್’ ಎಂದು ಬೇಗ ಸತ್ತುಹೋಗುತ್ತದೆ, ಇಲ್ಲವೆ ಡಬ್ಬದ ಮುಚ್ಚಳದಂತೆ ಕರ್ಕಶವಾಗಿ ಕೂಗುತ್ತದೆ. ನಾದ ಹುಟ್ಟುವುದು ತಾಮ್ರಕ್ಕೆ ತವರ ಬೆರೆಸಿದ ಕಂಚಿನಲ್ಲಿ.

ಸಿಂಬಲ್‌ಗೆ ಬಳಸುವ ಕಂಚಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ನೂರಕ್ಕೆ 92 ಪಾಲು ತಾಮ್ರ, 8 ಪಾಲು ತವರ. ಇದನ್ನು ಹಾಳೆಯಿಂದ ದುಂಡಗೆ ಕತ್ತರಿಸಿ, ಒತ್ತಿ, ಬಡಿದು ಮಾಡುತ್ತಾರೆ. ದನಿ ಸ್ಪಷ್ಟ, ಪ್ರಖರ. ಇನ್ನೊಂದರಲ್ಲಿ 80 ಪಾಲು ತಾಮ್ರ, 20 ಪಾಲು ತವರ. ಇದನ್ನು ಎರಕ ಹೊಯ್ದು, ಮತ್ತೆ ಮತ್ತೆ ಕಾಯಿಸಿ ಲಟ್ಟಿಸಿ, ಸುತ್ತಿಗೆಯಿಂದ ಬಡಿದು, ಕೊನೆಗೆ ಹೆರೆದು ತೆಳುವಾಗಿಸುತ್ತಾರೆ. ದನಿ ಆಳ, ಹಲವು ಪದರಗಳದು. ನಮ್ಮ ಒಳ್ಳೆಯ ಕಂಚಿನ ತಾಳ, ಜಾಗಟೆಗಳ ಲೋಹವೂ ಹೆಚ್ಚುಕಡಿಮೆ ಇದೇ ಕುಲದ್ದು.

ತವರ ಹೆಚ್ಚಿರುವ ಈ ಕಂಚಿಗೆ ಒಂದು ವಿಚಿತ್ರ ಗುಣವಿದೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆಂದು ಕಮ್ಮಾರನ ಕುಲುಮೆ ಕಂಡವರೆಲ್ಲ ಬಲ್ಲರು. ಕಂಚಿನದು ಇದಕ್ಕೆ ತದ್ವಿರುದ್ಧ. ಕಾಯಿಸಿ ತಾನಾಗಿ ಆರಲು ಬಿಟ್ಟರೆ ಗಾಜಿನಂತೆ ಒಡೆಯುತ್ತದೆ; ನೀರಿಗೆ ಅದ್ದಿದರೆ ಸುತ್ತಿಗೆಯ ಪೆಟ್ಟು ತಾಳುವಷ್ಟು ಮಿದುವಾಗುತ್ತದೆ. ಈ ಲೋಹವನ್ನು ಪಳಗಿಸಿ ಹೆಸರಾದ ಮನೆತನಗಳಲ್ಲಿ ಟರ್ಕಿಯ ಜಿಲ್ಜಿಯಾನ್ ಮನೆತನ ಒಂದು. ಅವೆದಿಸ್ ಎಂಬ ಆರ್ಮೇನಿಯನ್ ಕುಶಲಕರ್ಮಿ 1623ರಲ್ಲಿ ಈಗಿನ ಇಸ್ತಾಂಬುಲ್ ನಗರದಲ್ಲಿ ಕಾರ್ಖಾನೆ ತೆರೆದ. ಟರ್ಕಿ ಭಾಷೆಯಲ್ಲಿ ‘ಜಿಲ್’ ಎಂದರೆ ಸಿಂಬಲ್. ಕಸುಬಿನ ಹೆಸರೇ ಮನೆತನದ ಹೆಸರಾಯಿತು. 1929ರಲ್ಲಿ ಅವರ ಕಾರ್ಖಾನೆ ಅಮೆರಿಕದಲ್ಲಿ ಆರಂಭವಾಯಿತು. 1981ರಲ್ಲಿ ಅದೇ ಮನೆಯ ರಾಬರ್ಟ್ ಜಿಲ್ಜಿಯಾನ್ ಬೇರೆಯಾಗಿ ಕೆನಡಾದಲ್ಲಿ ಸೇಬಿಯನ್ ಕಂಪನಿ ಕಟ್ಟಿದರು. ಸ್ವಿಟ್ಜರ್ಲೆಂಡಿನ ಪೈಸ್ಟೆ, ಜರ್ಮನಿಯ ಮೈನಲ್ ಕೂಡ ಹೆಸರಾದ ಕಂಪನಿಗಳೇ.

ಹೆಸರು ಕೇಳಿದ ಮಾತ್ರಕ್ಕೆ ನಂಬಬೇಕಾಗಿಲ್ಲ. ದೊಡ್ಡ ಕಂಪನಿಗಳೂ ಅಗ್ಗದ ಹಿತ್ತಾಳೆ ಸಿಂಬಲ್ ಮಾಡುತ್ತವೆ. ‘ಇದು ಯಾವ ಲೋಹ, ತವರ ಎಷ್ಟು ಪಾಲು?’ ಎಂದು ಅಂಗಡಿಯವರನ್ನು ನೇರವಾಗಿ ಕೇಳಿ. 8 ಪಾಲಿನದು ಕೀಳೆಂದೂ ತಿಳಿಯಬೇಡಿ. ಪೈಸ್ಟೆಯವರ ‘2002’ ಎಂಬ ಪ್ರಸಿದ್ಧ ಸಿಂಬಲ್‌ಗಳು ಆ ಲೋಹದವೇ. ಹಿತ್ತಾಳೆಯದಕ್ಕೂ 20 ಪಾಲಿನದಕ್ಕೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿದೆ ನಿಜ. ಆದರೆ ಅಗ್ಗ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡರೆ ರೊಟ್ಟಿ ಹೇಗಾದೀತು? ಹಿತ್ತಾಳೆಯ ಮೂರು ತಟ್ಟೆಗಿಂತ ಕಂಚಿನ ಒಂದು ತಟ್ಟೆ ಲೇಸು.

ಯಾವ ಅಳತೆ, ಯಾವ ತೂಕ?

ರೈಡ್ ಸಾಮಾನ್ಯವಾಗಿ 18ರಿಂದ 24 ಅಂಗುಲದವರೆಗೆ ಸಿಗುತ್ತದೆ. ನಮ್ಮ ವಿದ್ಯಾರ್ಥಿಯ ಸ್ಥಿತಿ ಯೋಚಿಸಿ. ಒಂದು ವಾರ ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ಭಾವಗೀತೆಗೆ ನುಡಿಸಬೇಕು, ಮುಂದಿನ ವಾರ ರಸಮಂಜರಿಯಲ್ಲಿ ಸಿನಿಮಾ ಹಾಡಿಗೆ. ಚರ್ಚಿನ ಪ್ರಾರ್ಥನಾ ಗೀತೆಗೂ ಕರೆ ಬಂದೀತು. ಎಲ್ಲಕ್ಕೂ ಕೈಯಲ್ಲಿರುವುದು ಒಂದೇ ರೈಡ್. ಇಂಥವರಿಗೆ 20 ಅಂಗುಲದ, ಮಧ್ಯಮ ತೂಕದ ರೈಡ್ ಸೂಕ್ತ. ತೂಕ ಸುಮಾರು ಎರಡರಿಂದ ಎರಡೂವರೆ ಕಿಲೋ ಇರುತ್ತದೆ. ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಒಯ್ಯಲೂ ತೊಂದರೆಯಿಲ್ಲ.

ತೀರ ತೆಳುವಾದದ್ದು ನಾಲ್ಕು ಪೆಟ್ಟಿಗೇ ‘ಝೋ’ ಎಂದು ಭೋರ್ಗರೆದು, ಹೊಸ ಪೆಟ್ಟು ಹಳೆಯ ನಾದದಲ್ಲಿ ಮುಳುಗಿಹೋಗುತ್ತದೆ. ತೀರ ದಪ್ಪಗಿನದು ‘ಠಣ್ ಠಣ್’ ಎಂದು ಗಂಟೆಯಂತೆ ಹೊಡೆಯುತ್ತದೆ. ಬಯಲಿನ ವೇದಿಕೆಗೆ ಸರಿ, ಆದರೆ ಸಣ್ಣ ಸಭಾಂಗಣದಲ್ಲಿ ಹಾಡುಗಾರರ ದನಿಯನ್ನೇ ನುಂಗಿಬಿಡುತ್ತದೆ. ಮಧ್ಯಮ ತೂಕದ್ದು ಎರಡೂ ಕಡೆ ನಿಭಾಯಿಸುತ್ತದೆ. ಬೇಕೆಂದಾಗ ಅಂಚಿಗೆ ಬಡಿದರೆ ಕ್ರ್ಯಾಶಿನ ಕೆಲಸವನ್ನೂ ಮಾಡುತ್ತದೆ.

ಕಿವಿಯ ಪರೀಕ್ಷೆ

ಅಂಗಡಿಗೆ ಹೋಗುವಾಗ ಮಗು ದಿನವೂ ಬಳಸುವ ಕೋಲುಗಳನ್ನೇ ಒಯ್ಯಿರಿ. ಸಿಂಬಲ್ ಸ್ಟ್ಯಾಂಡಿನ ಮೇಲೆ ಕೂತಿರಲಿ. ಕೈಯಲ್ಲಿ ಹಿಡಿದು ಬಡಿದರೆ ನಿಜವಾದ ದನಿ ತಿಳಿಯದು.

ಮೊದಲ ಪರೀಕ್ಷೆ ನಡುವಣ ಉಬ್ಬಿಗೂ ಅಂಚಿಗೂ ಮಧ್ಯದ ಅಗಲ ಭಾಗದಲ್ಲಿ. ಕೋಲಿನ ತುದಿಯಿಂದ ಎರಡು ನಿಮಿಷ ಬಿಡದೆ ಲಯ ಹಿಡಿಯಲಿ. ಪ್ರತಿಯೊಂದು ಪೆಟ್ಟೂ ‘ಟಿಣ್’ ಎಂದು ಬಿಡಿಬಿಡಿಯಾಗಿ ಕೇಳಬೇಕು, ಕೆಳಗೆ ತಂಬೂರಿಯ ಶ್ರುತಿಯಂತೆ ಮೆಲ್ಲಗೆ ನಾದ ಹರಿಯುತ್ತಿರಬೇಕು. ಎರಡನೆಯದು ನಡುವಣ ಉಬ್ಬಿನ ಪರೀಕ್ಷೆ. ಅಲ್ಲಿ ಗಂಟೆಯಂಥ ದನಿ ತಿಳಿಯಾಗಿ ಬರಬೇಕು. ಮೂರನೆಯದು ಅಂಚಿನದು. ಕೋಲಿನ ಪಕ್ಕದಿಂದ ಬಡಿದರೆ ದನಿ ತಟ್ಟನೆ ಅರಳಿ, ನಿಧಾನವಾಗಿ ಇಳಿಯಬೇಕು.

ನಾಲ್ಕನೆಯದೇ ಮುಖ್ಯ, ಹೆಚ್ಚಿನವರು ಮರೆಯುವುದೂ ಅದನ್ನೇ. ಒಬ್ಬರು ಮೆಲುದನಿಯಲ್ಲಿ ಹಾಡಲಿ, ಮಗು ಅಷ್ಟೇ ಮೆಲ್ಲಗೆ ನುಡಿಸಲಿ. ಮೆಲ್ಲಗೆ ಬಡಿದಾಗಲೂ ನಾದ ಕೊಡುವ ಸಿಂಬಲ್ ಮಗುವಿಗೆ ಸಂಯಮ ಕಲಿಸುತ್ತದೆ. ಜೋರಾಗಿ ಬಡಿದರೆ ಮಾತ್ರ ನುಡಿಯುವಂಥದು ಬಡಿಯುವುದನ್ನಷ್ಟೇ ಕಲಿಸುತ್ತದೆ. ಕೊನೆಗೆ ಬೇರೊಬ್ಬರು ನುಡಿಸಲಿ, ನೀವು ಹದಿನೈದು ಅಡಿ ದೂರ ನಿಂತು ಕೇಳಿ. ಹತ್ತಿರದಲ್ಲಿ ಒರಟೆನಿಸಿದ ದನಿ ದೂರಕ್ಕೆ ಇಂಪಾಗಿ ಕೇಳುವುದುಂಟು.

ಹತ್ತು ಬಗೆಯ ರೈಡ್‌ಗಳನ್ನು ಒಂದೇ ಕಡೆ ಕೇಳಬೇಕಾದರೆ ಹೈದರಾಬಾದ್, ಬೆಂಗಳೂರಿನಂಥ ದೊಡ್ಡ ಊರಿಗೇ ಹೋಗಬೇಕಾದೀತು. ಯಾದಗಿರಿಯಿಂದ ಬೆಂಗಳೂರಿಗೆ ರೈಲಿದೆ, ಒಂದು ಪ್ರಯಾಣದ ಖರ್ಚು ವ್ಯರ್ಥವಲ್ಲ. ಕೈಯಿಂದ ಬಡಿದು, ಎರಕ ಹೊಯ್ದು ಮಾಡಿದ ಒಂದೇ ಮಾದರಿಯ ಎರಡು ಸಿಂಬಲ್‌ಗಳು ಒಂದೇ ತೆರನಾಗಿ ನುಡಿಯುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ತರಿಸುವುದೇ ಆದರೆ ನಿಮಗೆ ಕಳಿಸುವ ಆ ಒಂದು ಸಿಂಬಲಿನ ತೂಕ ಗ್ರಾಂಗಳಲ್ಲಿ ಎಷ್ಟೆಂದು, ಅದರದೇ ದನಿಮುದ್ರಣ ಇದೆಯೇ ಎಂದು, ಮೆಚ್ಚದಿದ್ದರೆ ಹಿಂದಕ್ಕೆ ಪಡೆಯುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹಳೆಯದಾದರೆ?

ಹೊಸದಕ್ಕೆ ಕೈ ಎಟುಕದಿದ್ದರೆ ಬಳಸಿದ ಕಂಚಿನ ರೈಡ್ ನೋಡಬಹುದು. ಬಣ್ಣ ಮಾಸಿದ್ದರೆ, ಕಂಪನಿಯ ಅಚ್ಚು ಅಳಿಸಿದ್ದರೆ ದೋಷವಲ್ಲ. ಬಿರುಕು ಮಾತ್ರ ಇರಬಾರದು. ಅಂಚಿನ ಸುತ್ತ ಉಗುರು ಆಡಿಸಿ. ಎಲ್ಲಾದರೂ ತೊಡರಿದರೆ ಬೆಳಕಿಗೆ ಹಿಡಿದು ನೋಡಿ. ನಡುವಿನ ತೂತು ದುಂಡಗಿರಬೇಕು. ಒಂದು ಕಡೆ ಸವೆದು ಉದ್ದವಾಗಿದ್ದರೆ ಅದನ್ನು ಸರಿಯಾದ ತೊಡಿಗೆಯಿಲ್ಲದೆ ನುಡಿಸಿದ್ದಾರೆಂದು ಅರ್ಥ. ಮೆಲ್ಲಗೆ ತಟ್ಟಿದಾಗ ದುಂಬಿ ಗುಂಯ್‌ಗುಟ್ಟಿದಂತೆ ಒಡಕು ದನಿ ಬಂದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಕಂಚಿನ ಬಿರುಕು ನಿಲ್ಲುವುದಿಲ್ಲ, ಬೆಳೆಯುತ್ತ ಹೋಗುತ್ತದೆ.

ಮನೆಗೆ ತಂದ ಮೇಲೆ

ಸಿಂಬಲಿನ ಮೇಲೆ ಕೆಳಗೆ ಉಣ್ಣೆಯ ಬಿಲ್ಲೆ, ನಡುವಿನ ಸರಳಿಗೆ ಪ್ಲಾಸ್ಟಿಕ್ ಕೊಳವೆ ಇರಲೇಬೇಕು. ಮೇಲಿನ ತಿರುಪನ್ನು ಬಿಗಿಯಬೇಡಿ. ಸಿಂಬಲ್ ಸಲೀಸಾಗಿ ತೂಗಾಡುತ್ತಿರಬೇಕು. ಬಿಗಿದರೆ ನಾದವೂ ಸಾಯುತ್ತದೆ, ಅಂಚೂ ಬಿರಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಬೆರಳಚ್ಚು ಒರೆಸಿದರೆ ಸಾಕು. ಹಬ್ಬ ಬಂತೆಂದು ತಾಮ್ರದ ತಂಬಿಗೆಯಂತೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಹುಳಿ ಲೋಹದ ಮೇಲ್ಮೈಯನ್ನು ತಿನ್ನುತ್ತದೆ, ಸಣ್ಣ ಗೆರೆಗಳಲ್ಲಿ ಉಳಿದ ಬೂದಿ ದನಿಯನ್ನು ಮಂಕಾಗಿಸುತ್ತದೆ.

ಕಿವಿಯ ರಕ್ಷಣೆ ಇದಕ್ಕಿಂತ ಮಿಗಿಲು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ ಸದ್ದಿಗೆ ಸುರಕ್ಷಿತ ಕಾಲ ಕೇವಲ ಕಾಲು ಗಂಟೆ. ಮುಚ್ಚಿದ ಕೋಣೆಯಲ್ಲಿ ಜೋರಾಗಿ ನುಡಿಸಿದ ಡ್ರಮ್ ಸೆಟ್ ಈ ಮಟ್ಟ ದಾಟುವುದುಂಟು. ಹತ್ತಿ ತುರುಕಿದರೆ ಸಾಲದು. ಔಷಧಿ ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಕಿವಿಬಿರಡೆ ಹಾಕಿಸಿ. ಓದಿನ ವೇಳೆ, ನೆರೆಯವರ ನಿದ್ದೆಯ ವೇಳೆ ಬಿಟ್ಟು ಸಾಧನೆಗೆ ದಿನವೂ ಒಂದೇ ಸಮಯ ನಿಗದಿ ಮಾಡಿದರೆ ಅರ್ಧ ಜಗಳ ತಪ್ಪುತ್ತದೆ.

ಪಾಲಕರಿಗೆ ಒಂದು ಮಾತು

ಮಗು ಕೇಳಿದ ಕೂಡಲೇ ಇಡೀ ಸೆಟ್ ತರಬೇಕೆಂದಿಲ್ಲ. ಮೊದಲು ಒಂದು ಜೊತೆ ಕೋಲು, ರಬ್ಬರಿನ ಅಭ್ಯಾಸದ ಹಲಗೆ ಕೊಡಿಸಿ, ಆರು ತಿಂಗಳು ನೋಡಿ. ಆಸಕ್ತಿ ನಿಂತರೆ ಸಾಧಾರಣ ಡ್ರಮ್ಮುಗಳನ್ನು ಕೊಂಡು ಉಳಿಸಿದ ಹಣವನ್ನು ರೈಡಿಗೆ ಹಾಕಿ. ಲಂಡನ್ನಿನ ಟ್ರಿನಿಟಿ ಕಾಲೇಜಿನಂಥ ಸಂಸ್ಥೆಗಳು ಡ್ರಮ್ ವಾದನದಲ್ಲಿ ಹಂತ ಹಂತವಾಗಿ ಪರೀಕ್ಷೆ ನಡೆಸುತ್ತವೆ. ಅಲ್ಲಿ ಹೊಡೆತದ ವೇಗವೊಂದನ್ನೇ ನೋಡುವುದಿಲ್ಲ. ಏರಿಳಿತ, ಹದ, ಸಂಗೀತಕ್ಕೆ ಹೊಂದುವ ಗುಣವನ್ನೂ ನೋಡುತ್ತಾರೆ. ಕೆಟ್ಟ ತಟ್ಟೆಯ ಮೇಲೆ ಇದನ್ನು ಕಲಿಯುವುದು ಕಷ್ಟ.

ಕೋಲು ಮುರಿಯುತ್ತದೆ, ಡ್ರಮ್ಮಿನ ಮೇಲಿನ ಹಾಳೆ ಸವೆಯುತ್ತದೆ, ಸೆಟ್ಟೇ ಬದಲಾಗುತ್ತದೆ. ಜೋಪಾನ ಮಾಡಿದ ಕಂಚಿನ ರೈಡ್ ಮಾತ್ರ ದಶಕಗಳ ಕಾಲ ಜೊತೆಗಿರುತ್ತದೆ. ಅಂಗಡಿಗೆ ಹೊರಡುವಾಗ ನಿಮ್ಮ ಓಣಿಯ ಭಜನಾ ಮೇಳದಲ್ಲಿ ತಾಳ ಹಿಡಿಯುವ ಹಿರಿಯರೊಬ್ಬರು ಬರುವುದಾದರೆ ಕರೆದೊಯ್ಯಿರಿ. ಡ್ರಮ್ ಸೆಟ್ಟಿನ ಹೆಸರೇ ಅವರು ಕೇಳಿರಲಿಕ್ಕಿಲ್ಲ. ಕಂಚಿನ ದನಿ ಅವರಿಗೆ ಗೊತ್ತು. ಅವರು ತಲೆದೂಗಿದ ತಟ್ಟೆಯನ್ನು ಧೈರ್ಯವಾಗಿ ಕೊಳ್ಳಿ.