ಜೂನ್‌ನಲ್ಲೇ ಸಿಗಲಿ ಸಮವಸ್ತ್ರ

ಮೇ ಕೊನೆಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಬಾಗಿಲಿಗೆ ಮಾವಿನ ತೋರಣ ಏರುತ್ತದೆ. ಪ್ರಾರಂಭೋತ್ಸವದ ದಿನ ಮಕ್ಕಳಿಗೆ ಹೂವು ಕೊಟ್ಟು ಒಳಗೆ ಕರೆಯುತ್ತಾರೆ. ಬಿಸಿಯೂಟದ ಜೊತೆ ಸಿಹಿಯೂ ಇರುತ್ತದೆ.

ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಎಲ್ಲವೂ ಉಚಿತ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಈಗ ಎಲ್ಲೆಡೆ ಇದೆ. 2013ರಿಂದ ಹಾಲಿನ ಪುಡಿ ಕದಡಿ ಕಾಯಿಸಿದ 150 ಮಿ.ಲೀ. ಹಾಲೂ ಸಿಗುತ್ತಿದೆ.

ಆದರೆ ಎಲ್ಲವೂ ಸಮಯಕ್ಕೆ ಸಿಗಬೇಕಲ್ಲ. ಶೂ ಖರೀದಿಯ ಹೊಣೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು (ಎಸ್‌ಡಿಎಂಸಿ). ಸರ್ಕಾರದ ಹಣ ಬಂದ ಮೇಲೆ ಪ್ರತಿ ಮಗುವಿನ ಪಾದದ ಅಳತೆ ನೋಡಿ ತರಬೇಕು. ಹಣ ತಡವಾದರೆ ಮಕ್ಕಳು ಮಳೆಗಾಲವಿಡೀ ಹವಾಯಿ ಚಪ್ಪಲಿಯಲ್ಲೇ ಕೆಸರು ತುಳಿಯುತ್ತಾರೆ. ಇದು ಸಣ್ಣ ವಿಷಯವಲ್ಲ. ಸಮವಸ್ತ್ರದ ವಿಷಯದಲ್ಲೂ ಅಷ್ಟೇ: ಎರಡು ಜೊತೆ ಕೊಡಿ ಎಂದು 2019ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಒಂದೇ ಜೊತೆಯಿದ್ದರೆ, ಒಗೆದದ್ದು ಒಣಗದ ದಿನ ಮಗು ಏನು ತೊಡಬೇಕು?