ಶುದ್ಧೀಕರಿಸಿದ ನೀರಿಗೂ ಮಣ್ಣು ಬಿಗಿಯುವುದೇಕೆ?

ಪ್ರಶ್ನೆ: ಕೊಳಚೆ ನೀರನ್ನು ಶುದ್ಧೀಕರಿಸಿಯೇ ಹೊಲಕ್ಕೆ ಹಾಯಿಸಿದರೂ ಕೆಲವು ವರ್ಷಗಳಲ್ಲಿ ಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗಬಹುದು ಎನ್ನುತ್ತಾರೆ. ಏಕೆ?

ಉತ್ತರ: ಸಾಮಾನ್ಯ ಶುದ್ಧೀಕರಣ ಘಟಕಗಳು ಕಸ, ಕೊಳೆಯುವ ವಸ್ತು ಹಾಗೂ ಬಹುಪಾಲು ರೋಗಾಣುಗಳನ್ನು ತೆಗೆಯುತ್ತವೆ, ಕರಗಿದ ಉಪ್ಪನ್ನಲ್ಲ. ಅಡುಗೆಯ ಉಪ್ಪು, ಸೋಪು, ಬಟ್ಟೆ ಒಗೆಯುವ ಪುಡಿಗಳಿಂದ ಬಂದ ಸೋಡಿಯಂ ನೀರಿನಲ್ಲೇ ಉಳಿದು ಹೊಲ ಸೇರುತ್ತದೆ.

ಜೇಡಿಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶವಿದೆ. ಧನಾವೇಶದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲಿ ಅಂಟಿಕೊಂಡಿರುತ್ತವೆ. ಕ್ಯಾಲ್ಸಿಯಂ ಎರಡು ಕೈಯಿರುವವನಂತೆ: ಆಚೆಗೊಂದು, ಈಚೆಗೊಂದು ಕಣವನ್ನು ಹಿಡಿದು ಮಣ್ಣನ್ನು ಹರಳು ಹರಳಾಗಿ ಇಡುತ್ತದೆ. ಸೋಡಿಯಂಗೆ ಒಂದೇ ಕೈ. ನೀರಿನಲ್ಲಿ ಅದು ಹೆಚ್ಚಾದಂತೆ ಕ್ಯಾಲ್ಸಿಯಂ ಜಾಗವನ್ನು ಆಕ್ರಮಿಸುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ.

ಪರಿಣಾಮ ತಕ್ಷಣ ಕಾಣದು. ನೀರಾವರಿ ನಡೆಯುವಾಗ ನೀರಿನ ಉಪ್ಪೇ ಕಣಗಳನ್ನು ಒತ್ತೊತ್ತಾಗಿ ಇಟ್ಟಿರುತ್ತದೆ. ಉಪ್ಪಿಲ್ಲದ ಮಳೆನೀರು ಬಿದ್ದಾಗ ಅವು ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮೇಲ್ಪದರ ಒಣಗಿ ಹಪ್ಪಳಗಟ್ಟುತ್ತದೆ, ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ. ಜೇಡಿ ಹೆಚ್ಚಿರುವ ಕಪ್ಪು ಮಣ್ಣಿಗೆ ಈ ಕಾಟ ಜಾಸ್ತಿ, ಮರಳು ಮಣ್ಣಿಗೆ ಕಡಿಮೆ.

ಕೊಳಚೆ ನೀರಿನ ಶೇ. 80ಕ್ಕೂ ಹೆಚ್ಚು ಭಾಗವನ್ನು ಕೃಷಿಗೆ ಮರುಬಳಸುವ ಇಸ್ರೇಲ್‌ನ ಜೇಡಿಮಣ್ಣಿನ ತೋಟಗಳಲ್ಲಿ ಈ ಸಮಸ್ಯೆ ಕಂಡುಬಂದಿದೆ. ಹಾಗೆಂದು ಈ ನೀರು ಬರಿಯ ಕೆಡುಕಲ್ಲ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇರುವುದರಿಂದ ಗೊಬ್ಬರದ ಖರ್ಚು ಉಳಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಅಗತ್ಯವಿದ್ದಷ್ಟು ಜಿಪ್ಸಂ ಹಾಕಿದರೆ, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ. ಬಸಿಗಾಲುವೆ ಸರಿಯಿದ್ದರೆ ಆ ಸೋಡಿಯಂ ನೀರಿನೊಡನೆ ಕೊಚ್ಚಿಹೋಗುತ್ತದೆ.